ಕೇರಿಗೆ ಬಂದ ರಾಶಿ

ಹನುಮಮ್ಮನ ಅಂಗಾಲು ಬೇಸಿಗೆಯ ಎರೆಹೊಲದ ಹಾಗೆ ಬಿರಿದಿತ್ತು. ಬಿರುಕಿನೊಳಗೆ ಭತ್ತದ ಮುಳ್ಳುಮುಳ್ಳಾದ ಸುಂಕು ಸೇರಿ ಕಪ್ಪಾಗಿತ್ತು. ಮಗಳು ಜ್ಯೋತಿಲಕ್ಷ್ಮಿ ಸಣ್ಣವಳಿದ್ದಾಗ ಸಂಜೆ ಹೊತ್ತು ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಸೂಜಿಯಿಂದ ಸುಂಕು ತೆಗೆಯುತ್ತಿದ್ದಳು. ತೆಗೆದಷ್ಟೂ ಇರುತ್ತಿತ್ತು. ನೋಯುತ್ತದೇನು ಎಂದು ಕೇಳಿದರೆ ಹನುಮಮ್ಮ, "ನನ್ನ ಕಾಲು ಅನ್ನೂದ ಮರತೈತಿ ಬಿಡವ್ವ" ಎನ್ನುತ್ತಿದ್ದಳು.

ಸಿರುಗುಪ್ಪದ ರೈಸ್ ಮಿಲ್ಲಿನ ಕಣದಲ್ಲಿ ಆದ ಕಾಲು ಅದು. ಬಾಯ್ಲರಿನಿಂದ ಇಳಿಸಿದ ಭತ್ತ ಹಬೆಯಾಡುತ್ತಿರುವಾಗಲೇ ಸಿಮೆಂಟಿನ ಕಣದ ಮೇಲೆ ಸುರಿಯುತ್ತಾರೆ. ದೇಶನೂರಿನ ಕೇರಿಯ ಹೆಂಗಸರು ಸಾಲಾಗಿ ನಿಂತು, ಸೀರೆ ಎತ್ತಿಕಟ್ಟಿ, ಬರಿಗಾಲು ಎಳೆಯುತ್ತಾ ಭತ್ತ ತಿರುವಬೇಕು. ಈ ತುದಿಯಿಂದ ಆ ತುದಿ, ಆ ತುದಿಯಿಂದ ಈ ತುದಿ. ಮೇಲೆ ಬಿಸಿಲು, ಕೆಳಗೆ ಸಿಮೆಂಟು, ನಡುವೆ ಸುಡುವ ಭತ್ತ. ಕಾಲು ನಿಂತರೆ ಭತ್ತ ಹುಳಿಯುತ್ತದೆ. ಚಪ್ಪಲಿ ಮೆಟ್ಟಿದರೆ ಕಾಳು ಮುರಿಯುತ್ತದೆ ಎಂದು ಮೇಸ್ತ್ರಿ ಜಂಬಣ್ಣ ಬೈಯುತ್ತಾನೆ. ಕಾಳು ಮುರಿಯಬಾರದು. ಕಾಲು ಏನಾದರೂ ಆಗಲಿ, ಅದಕ್ಕೆ ಯಾರೂ ಬೈಯುವುದಿಲ್ಲ.

ಹೀಗೆ ಕಾಲಲ್ಲಿ ತುಳಿದ ಭತ್ತವೇ ಅಕ್ಕಿಯಾಗುತ್ತದೆ. ಹೊಸ ಸುಗ್ಗಿಯ ಮೊದಲ ಅಕ್ಕಿಯನ್ನು ಅದೇ ಕಣದಲ್ಲಿ ರಾಶಿ ಹಾಕಿ, ಚೆಂಡುಹೂ ಇಟ್ಟು, ಪೂಜೆ ಮಾಡಿ, ಹಿತ್ತಾಳೆ ಸೇರಿನಿಂದ ಅಳೆಯುತ್ತಾರೆ. ಅಳೆಯುವಾಗ ಮೊದಲ ಸೇರಿಗೆ 'ಒಂದು' ಎನ್ನುವುದಿಲ್ಲ. 'ಲಾಭ' ಎನ್ನುತ್ತಾರೆ. ಲಾಭ, ಎರಡು, ಮೂರು ಎಂದೇ ಎಣಿಕೆ. ಆ ಲಾಭ ಎನ್ನುವ ಬಾಯಿ ಯಾವತ್ತೂ ಮಿಲ್ಲಿನ ಒಡೆಯನಾದ ಕುರುಗೋಡಿನ ಧಣಿಯ ಮನೆಯದು. ಆ ದಿನ ಕೇರಿಯ ಹೆಂಗಸರು ಕಣದಾಚೆ ಬೇವಿನ ಮರದ ಕೆಳಗೆ ನಿಲ್ಲಬೇಕು. ರಾಶಿಗೆ ಅವರ ಕೈ ತಾಕಬಾರದು. ಸುಗ್ಗಿಯುದ್ದಕ್ಕೂ ಕಾಲು ತಾಕಿದೆಯಲ್ಲ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಮರುದಿನದ ಕೂಲಿ ಹೋಗುತ್ತಿತ್ತು.

ಜ್ಯೋತಿ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ವರ್ಷ ಪೂಜೆಗೆ ಸ್ವಲ್ಪ ಮುಂಚೆ ಬೀದಿನಾಯಿಯೊಂದು ಎಲ್ಲಿಂದಲೋ ನುಗ್ಗಿ ರಾಶಿಯ ಮೇಲೆ ಹತ್ತಿ ಮಲಗಿಬಿಟ್ಟಿತು. ಕುರುಗೋಡಿನಿಂದ ಬಂದಿದ್ದ ಧಣಿಯ ತಾಯಿ ದೊಡ್ಡವ್ವ ಎದೆ ಹಿಡಿದುಕೊಂಡಳು. ನಾಯಿ ಓಡಿಸಿ ಬೇರೆ ರಾಶಿ ಹಾಕಿದರು. ಮುಟ್ಟಿಸಿಕೊಂಡ ರಾಶಿಯನ್ನು ಚೀಲಕ್ಕೆ ತುಂಬಿ ದೇಶನೂರಿನ ಕೇರಿಗೆ ಕಳಿಸಿದರು.

ಕೇರಿಗೆ ಅವತ್ತು ಹಬ್ಬವಾಯಿತು. ಮಿಲ್ಲಿನಿಂದ ನುಚ್ಚು ತಂದು ಬೇಯಿಸಿಕೊಂಡು ಗೊತ್ತಿದ್ದ ಜನ, ಇಡೀ ಕಾಳಿನ ಅನ್ನ ಉಂಡರು. ಬೆಳ್ಳಗೆ, ಉದುರುದುರಾಗಿ, ಹೂವಿನಂಥ ಅನ್ನ. ಹನುಮಮ್ಮ ಮಗಳಿಗೆ ಬಡಿಸುತ್ತಾ, "ಆ ನಾಯಿ ಹೊಟ್ಟಿ ತಣ್ಣಗಿರಲಿ" ಎಂದು ನಕ್ಕಳು. ಜ್ಯೋತಿ ಬಾಯ್ತುಂಬ ಅನ್ನ ಇಟ್ಟುಕೊಂಡೇ, "ಯವ್ವ, ಬರೋ ವರ್ಷನೂ ನಾಯಿ ಬರತೈತೇನು?" ಎಂದು ಕೇಳಿದ್ದಳು. ಓಣಿಗೆ ಓಣಿಯೇ ನಕ್ಕಿತ್ತು. ಅದು ಕೇರಿಯ ಹಳೆಯ ತಮಾಷೆಯಾಗಿ ಉಳಿಯಿತು.

ಆ ಹುಡುಗಿ ಮುಂದೆ ಬಳ್ಳಾರಿಯಲ್ಲಿ ಹಾಸ್ಟೆಲಿನಲ್ಲಿದ್ದು ಎಂ.ಕಾಂ. ಮಾಡಿದಳು. ಅಪ್ಪ ಉಚ್ಚೆಂಗೆಪ್ಪ ಅದೇ ಮಿಲ್ಲಿನಲ್ಲಿ ಚೀಲ ಹೊತ್ತು ಹೊತ್ತು ಬೆನ್ನು ಮುರಿದುಕೊಂಡು ತೀರಿಹೋಗಿದ್ದ. ಅವನ ಸಾವಿಗೆ ಪರಿಹಾರವೆಂಬಂತೆ ಅವಳಿಗೆ ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತಿಕೆ ಸಿಕ್ಕಿತು. ಕೊಟ್ಟದ್ದನ್ನು ಅವಳು ಗಟ್ಟಿಯಾಗಿ ಹಿಡಿದಳು. ಭತ್ತ ಖರೀದಿಗೆ ತೆಕ್ಕಲಕೋಟೆಯಿಂದ ಹೊಳೆಯ ದಂಡೆಯವರೆಗೆ ಊರೂರು ತಿರುಗಿದಳು. ರೈತರು ಅವಳ ಮಾತಿಗೆ ಭತ್ತ ಕೊಟ್ಟರು. ಕಂಪನಿಯ ಅಕ್ಕಿ ಪ್ಯಾಕೆಟ್ಟಿನಲ್ಲಿ ಕೂತು ದುಬೈಯವರೆಗೆ ಹೋಯಿತು. ಅವಳು ಮಾತ್ರ ಖರೀದಿ ಮ್ಯಾನೇಜರ್ ಆಗಿ ಅಲ್ಲೇ ನಿಂತಳು, ಯಾಕೆಂದರೆ ಅದರ ಮೇಲೆ ಇದ್ದದ್ದು ಮನೆಯವರ ಕುರ್ಚಿಗಳು. ಧಣಿ ಚನ್ನಬಸವರಾಜ, ಧಣಿಯ ಮಗ ಸಂಗಮೇಶ್, ಧಣಿಯ ಅಳಿಯ, ಧಣಿಯ ಷಡ್ಡಕ. ಕುರುಗೋಡಿನ ಮನೆಯ ಊಟದ ಪಂಕ್ತಿಯನ್ನು ಎತ್ತಿ ತಂದು ಬಳ್ಳಾರಿಯ ಬ್ರೂಸ್‌ಪೇಟೆಯ ಆಫೀಸಿನಲ್ಲಿ ಕೂರಿಸಿದ ಹಾಗಿತ್ತು.

ಆಗ ಮುಂಬೈಯಿಂದ ಬಂಡವಾಳ ಹಾಕುವವರು ಬಂದರು. ಅವರ ಪರವಾಗಿ ಬಂದ ಮೇಡಂ ಗೋಡೆಯ ಮೇಲಿದ್ದ ಡೈರೆಕ್ಟರುಗಳ ಫೋಟೋ ನೋಡಿ, ಇವರೆಲ್ಲ ಅಣ್ಣತಮ್ಮಂದಿರೇ ಎಂದು ನಗುತ್ತಾ ಕೇಳಿದಳು. ಆಮೇಲೆ ಪರದೆಯ ಮೇಲೆ ಬಣ್ಣದ ಕಂಬಗಳನ್ನು ತೋರಿಸಿದಳು. ಮೇಲಿನ ಕುರ್ಚಿಗಳಲ್ಲಿ ಬೇರೆ ಬೇರೆ ಥರದ ಜನ ಇರುವ ಕಂಪನಿಗಳು ಹೆಚ್ಚು ಲಾಭ ಮಾಡುತ್ತವೆ, ನಮ್ಮ ಹಣ ಅಂಥಲ್ಲಿಗೇ ಹೋಗುತ್ತದೆ ಎಂದಳು. ಜಾತಿ ಎನ್ನುವ ಮಾತು ಅವಳ ಬಾಯಲ್ಲಿ ಬರಲಿಲ್ಲ. ವೈವಿಧ್ಯ ಎಂದಳು. ಮುಂದಿನ ತಿಂಗಳೇ ಜ್ಯೋತಿಲಕ್ಷ್ಮಿ ಡೈರೆಕ್ಟರ್ ಆದಳು. ಅವಳ ದುಡಿಮೆ ಸುಳ್ಳಲ್ಲ. ಆದರೆ ಅದು ಧಣಿಯ ಕಣ್ಣಿಗೆ ಬೀಳಬೇಕಾದರೆ ಮುಂಬೈಯ ಕನ್ನಡಕ ಬೇಕಾಯಿತು.

ಸೋಮವಾರ ಸೋಮವಾರ ಬ್ರೂಸ್‌ಪೇಟೆಯ ಮಹಡಿಯ ಮೇಲೆ ಮೀಟಿಂಗು. ಕಣದ ಹೆಂಗಸರಿಗೆ ನೆರಳು ಬೇಕು, ಕಾಲಿಗೆ ಏನಾದರೂ ಬೇಕು ಎಂದು ಜ್ಯೋತಿ ಪ್ರತಿ ಸಲ ಕೇಳುತ್ತಿದ್ದಳು. "ಆತಮ್ಮ, ಮುಂದಿನ ಮೀಟಿಂಗಿಗೆ ನೋಡೋಣು" ಎಂದು ಧಣಿ ಮೆತ್ತಗೆ ಹೇಳುತ್ತಿದ್ದರು. ಒಂದು ದಿನ ಷಡ್ಡಕ ಮರೆತು, "ಇದು ನಿನ್ನಿ ಊಟದಾಗ ಆತಲ್ಲ, ಮತ್ತ್ಯಾಕ?" ಎಂದುಬಿಟ್ಟ. ಸಂಗಮೇಶ್ ಟೇಬಲ್ಲಿನ ಕೆಳಗೆ ಅವನ ಕಾಲು ಒತ್ತಿದ. ಜ್ಯೋತಿಗೆ ತಿಳಿಯಿತು. ಭಾನುವಾರ ಕುರುಗೋಡಿನ ಮನೆಯಲ್ಲಿ ಊಟಕ್ಕೆ ಕೂತಾಗಲೇ ಎಲ್ಲ ತೀರ್ಮಾನವಾಗಿರುತ್ತದೆ. ಸೋಮವಾರದ್ದು ಅವಳೊಬ್ಬಳಿಗಾಗಿ ಎರಡನೇ ಸಲ ನಡೆಸುವ ಮೀಟಿಂಗು. ಅವಳು ಕೇಳಿಸಿಕೊಳ್ಳದವಳ ಹಾಗೆ ನೀರು ಕುಡಿದಳು. ಕೇಳಿಸದ ಹಾಗೆ ಕೂರುವುದೂ ಒಂದು ಕೂಲಿಯೇ, ಅದನ್ನೂ ಮಾಡಿದಳು.

ಈ ಸುಗ್ಗಿಯ ಹೊತ್ತಿಗೆ ಮುಂಬೈಯವರು ಬಂಡವಾಳದ ಕಾಗದಕ್ಕೆ ಸಹಿ ಹಾಕಲು ಬರುತ್ತಾರೆಂದು ಗೊತ್ತಾಯಿತು. ಸಹಿಯ ಹಿಂದಿನ ದಿನ ಮಿಲ್ಲು ನೋಡುತ್ತಾರೆ, ರಾಶಿ ನೋಡುತ್ತಾರೆ. ಧಣಿ ಜ್ಯೋತಿಯನ್ನು ಕರೆದು, "ನೋಡಮ್ಮ, ಈ ಸಲ ಲಾಭ ಅನ್ನೂದು ನೀನ" ಎಂದರು.

ಇದನ್ನು ಜ್ಯೋತಿ ಬೇಕೆಂದು ಕೇಳಿರಲೇ ಇಲ್ಲ. ಕೇಳುವ ಧೈರ್ಯವೂ ಬಂದಿರಲಿಲ್ಲ.

"ನಮ್ಮವ್ವನ್ನ ಕರಕೊಂಡು ಬರಲೇನ್ರಿ?" ಎಂದಳು.

"ಕರಕೊಂಡು ಬಾ. ಆಕೀದೂ ಮಿಲ್ಲ ಅಲ್ಲೇನು."

ಅವತ್ತು ರಾತ್ರಿ ಊಟ ಮಾಡುವಾಗ ತಾಯಿಗೆ ಹೇಳಿದಳು. ಹನುಮಮ್ಮನಿಗೆ ಈಗ ಕಣದ ಕೆಲಸ ಆಗುತ್ತಿರಲಿಲ್ಲ. ಹೊಟ್ಟಿನ ಧೂಳು ಎದೆಯಲ್ಲಿ ಕೂತು, ನಾಲ್ಕು ಮಾತಾಡಿದರೆ ಕೆಮ್ಮು ಬರುತ್ತಿತ್ತು. ಅವಳು ಕೆಮ್ಮು ಮುಗಿಸಿ ಕೇಳಿದಳು.

"ಕೈಲೇ ಮುಟ್ಟತೀಯೇನು?"

"ಹೂನಬೇ."

"ರಾಶೀಗೆ?"

"ಹೂನಬೇ, ರಾಶೀಗೆ."

"ಸುಳ್ಳು ಹೇಳಬ್ಯಾಡ."

"ಧಣೇರ ಹೇಳ್ಯಾರ. ನೀನೂ ಬರಬೇಕಂತ."

ಹನುಮಮ್ಮ ಗಂಗಾಳ ಪಕ್ಕಕ್ಕಿಟ್ಟಳು. ಗಂಡ ಇದ್ದಿದ್ದರೆ ಎಂದು ಏನೋ ಹೇಳಲು ಹೋಗಿ ನುಂಗಿಕೊಂಡಳು. ಮರುದಿನದಿಂದ ಓಣಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿದಳು. ಇನ್ನು ಆಸೆ ಏನೂ ಇಲ್ಲ, ಮಗಳು ರಾಶಿಗೆ ಕೈ ಹಾಕಿ ಲಾಭ ಅನ್ನುವುದನ್ನು ಕಣ್ಣಲ್ಲಿ ನೋಡಿದರೆ ಸಾಕು, ಆಮೇಲೆ ಕೆಮ್ಮು ಒಯ್ದರೂ ಒಯ್ಯಲಿ ಎಂದಳು. ಪಕ್ಕದ ಮನೆಯ ಎರ್ರಿ, "ಸಾಯೂ ಮಾತು ಯಾಕ ಆಡತಿ ಅತ್ತಿ, ನಿನ್ನ ಮಗಳು ನಮ್ಮೆಲ್ಲರ ಕೈಯ ಅಲ್ಲಿಗೆ ಒಯ್ಯಾಕತ್ಯಾಳ" ಎಂದು ತನ್ನ ಹೊಸ ಸೀರೆಯನ್ನೇ ಉಟ್ಟುಕೊಳ್ಳಲು ಕೊಟ್ಟಳು.

ಆ ದಿನ ಕಣವನ್ನು ತೊಳೆದು ರಂಗೋಲಿ ಹಾಕಿದ್ದರು. ನಡುವೆ ರಾಶಿ, ರಾಶಿಯ ನೆತ್ತಿಗೆ ಚೆಂಡುಹೂ. ಜ್ಯೋತಿ ತಾಯಿಯನ್ನು ಕಣದೊಳಗೆ ಕರೆದಳು. ಹನುಮಮ್ಮ ಅಂಚಿನಲ್ಲೇ ನಿಂತಳು. ಒಂದು ಆಯಸ್ಸು ತುಳಿದ ಕಣ ಅದು. ಇವತ್ತು ಅದರ ಮೇಲೆ ಕಾಲಿಡಲು ಅವಳಿಗೆ ಮನಸ್ಸಾಗಲಿಲ್ಲ.

ಧಣಿ, ಸಂಗಮೇಶ್ ಮತ್ತು ಮನೆಯ ಗಂಡಸರು ಕುರುಗೋಡಿನಿಂದ ನೇರ ಬಂದಿಳಿದರು. ಎಲ್ಲರ ಹಣೆಯಲ್ಲೂ ಆಗಲೇ ವಿಭೂತಿ, ಕುಂಕುಮ, ಅದರ ಮೇಲೆ ಅಂಟಿದ ಅಕ್ಷತೆ. ದೊಡ್ಡವ್ವ ಬಂದಿರಲಿಲ್ಲ. ಧಣಿಯ ಹೆಂಡತಿ ಶೀಲಾ ಬಂದಿರಲಿಲ್ಲ. ಮುಂಬೈಯವರಿಗೆ ಹೊತ್ತಾಗುತ್ತದೆಂದು ಕಾಯಿಯನ್ನೂ ಒಡೆಯಲಿಲ್ಲ. ಜ್ಯೋತಿ ಇದನ್ನೆಲ್ಲ ನೋಡಿದಳು. ಆದರೆ ಖುಷಿಯಲ್ಲಿರುವ ಕಣ್ಣು ಕಂಡದ್ದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಹಿತ್ತಾಳೆ ಸೇರು ಅವಳ ಕೈಗೆ ಬಂತು. ಭಾರವಿತ್ತು. ಬಗ್ಗಿ ರಾಶಿಯೊಳಗೆ ಮೊಣಕೈತನಕ ಕೈ ತೂರಿಸಿದಳು. ಅಕ್ಕಿ ತಣ್ಣಗಿತ್ತು. ಸೇರು ತುಂಬಿ, ಅಂಗೈಯಿಂದ ಮಟ್ಟ ಮಾಡಿ, ಮೊರಕ್ಕೆ ಸುರಿದಳು.

"ಲಾಭ" ಎಂದಳು.

ದನಿ ನಡುಗಿತು. ಚಪ್ಪಾಳೆ ಬಿತ್ತು. ಮುಂಬೈ ಮೇಡಂ ಫೋನಿನಲ್ಲಿ ಫೋಟೋ ತೆಗೆದಳು. ಸಂಗಮೇಶ್ ಪಕ್ಕದಲ್ಲಿ ನಿಂತು ನಕ್ಕ. ಜ್ಯೋತಿ ಓಡಿದಂತೆ ಕಣದ ಅಂಚಿಗೆ ಬಂದಳು. ಹನುಮಮ್ಮ ಮಗಳ ಎರಡೂ ಕೈ ಹಿಡಿದು ಮೂಸಿದಳು. ಅಂಗೈ, ಬೆರಳು, ಮೊಣಕೈ. ಆಮೇಲೆ ಅತ್ತಳು. ಗಂಡನ ಹೆಣ ಬಂದಾಗಲೂ ಅವಳು ಹಾಗೆ ಅತ್ತಿರಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು, ಕೆಮ್ಮುತ್ತಾ, ನಗುತ್ತಾ, ಎಲ್ಲರೆದುರು ಅತ್ತಳು. ಅದನ್ನೂ ಯಾರೋ ಫೋಟೋ ತೆಗೆದರು.

ಮಾರನೆಯ ದಿನ ಮಧ್ಯಾಹ್ನ ಬ್ರೂಸ್‌ಪೇಟೆಯಲ್ಲಿ ಸಹಿ. ಜ್ಯೋತಿ ಬಳ್ಳಾರಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಾಗ ಓಣಿಯ ಬಾಯಲ್ಲಿ ಟ್ರ್ಯಾಕ್ಟರ್ ನಿಂತ ಸದ್ದಾಯಿತು. ಮಿಲ್ಲಿನ ಡ್ರೈವರ್ ಮಾರೇಶ್, ಟ್ರೇಲರಿನ ತುಂಬ ಚೀಲ.

"ಜ್ಯೋತಕ್ಕ ಡೈರೆಕ್ಟರ್ ಆಗ್ಯಾರಲ್ಲ, ಧಣೇರು ಖುಷೀಲೇ ಕೇರಿಗೆ ಅಕ್ಕಿ ಕಳಿಸ್ಯಾರ" ಎಂದು ಮಾರೇಶ್ ಕಲಿತ ಪಾಠ ಒಪ್ಪಿಸಿದ ಹಾಗೆ ಹೇಳಿದ. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ.

ಹೆಂಗಸರು ಬುಟ್ಟಿ, ಪಾತ್ರೆ, ಕೊಡ ಹಿಡಿದು ಬಂದರು. ಜ್ಯೋತಿಗೆ ಹೆಮ್ಮೆಯಾಯಿತು. ಒಂದು ಗಳಿಗೆ ಧಣಿ ದೊಡ್ಡ ಮನಸ್ಸಿನವರೆಂದೇ ಅನ್ನಿಸಿತು. ಎರ್ರಿ ಚೀಲ ಬಿಚ್ಚಿ ಮೊದಲ ಬುಟ್ಟಿ ತುಂಬಿಕೊಂಡಳು. ಅಕ್ಕಿಯೊಳಗಿನಿಂದ ಬಾಡಿದ ಚೆಂಡುಹೂವಿನ ಎಸಳು ಬಂತು. ಇನ್ನೊಂದು ಬಂತು.

ಹನುಮಮ್ಮ ಒಂದು ಎಸಳನ್ನು ಎತ್ತಿ ನೋಡಿದಳು.

"ಮಾರೇಶಾ, ಇದು ನಿನ್ನಿ ರಾಶಿ ಅಕ್ಕಿ."

ಮಾರೇಶ್ ಮುಖ ಆ ಕಡೆ ತಿರುಗಿಸಿದ.

"ರಾಶಿ ಅಕ್ಕಿ ಕುರುಗೋಡು ಮನಿಗೆ ಹೋಗತೈತಿ. ದೇವರ ಮನಿಗೆ. ನಾ ಕಂಡಂಗ ಒಂದ ವರ್ಷ ಮಾತ್ರ ಕೇರಿಗೆ ಬಂದಿತ್ತು." ಕೆಮ್ಮು ಬಂತು. ಮುಗಿಯುವತನಕ ಎಲ್ಲರೂ ಕಾದರು. "ಈ ವರ್ಷನೂ ನಾಯಿ ಬಂದಿತ್ತೇನೋ?"

"ಇಲ್ಲಬೇ."

"ಮತ್ತ ರಾಶಿ ಯಾರು ಮುಟ್ಟಿದ್ರು?"

ಮಾರೇಶ್ ಸ್ಟೀರಿಂಗ್ ಹಿಡಿದುಕೊಂಡು ಕೂತೇ ಇದ್ದ. ಅವನೂ ಈ ಕೇರಿಯವನೇ. ಕೊನೆಗೆ ಹೇಳಿದ. ನಿನ್ನೆ ಬೆಳಕು ಹರಿಯುವ ಮುಂಚೆಯೇ ಕುರುಗೋಡಿನ ಮನೆಯಂಗಳದಲ್ಲಿ ಇನ್ನೊಂದು ರಾಶಿ ಹಾಕಿದ್ದರು. ಅಲ್ಲಿ ಕಾಯಿ ಒಡೆದರು, ಪೂಜೆ ಮಾಡಿದರು. ಸಂಗಮೇಶ್ ಲಾಭ ಎಂದ. ಆಮೇಲೆ ಕಾರು ಹತ್ತಿ ಸಿರುಗುಪ್ಪಕ್ಕೆ ಬಂದರು. ಕಣದಲ್ಲಿ ಇದ್ದದ್ದು ಮುಂಬೈಯವರಿಗೆ ತೋರಿಸುವ ರಾಶಿ.

"ಕಾರ್ಯ ಮುಗದ ಮ್ಯಾಲ ಇದನ್ನ ಏನು ಮಾಡೂದು ಅಂತ ದೊಡ್ಡವ್ವಗ ಫೋನ್ ಹಚ್ಚಿದ್ರು," ಎಂದ ಮಾರೇಶ್. "ಆ ವರ್ಷ ಮಾಡಿದಂಗ ಮಾಡ್ರಿ ಅಂದ್ರಂತ. ನನಗೇನೂ ಕೇಳಬ್ಯಾಡಕ್ಕ. ನಾ ಗಾಡಿ ಹೊಡ್ಯಾವ."

ಜ್ಯೋತಿಯ ಕೈಯಲ್ಲಿ ಬಾಚಣಿಗೆ ಹಾಗೇ ಇತ್ತು. ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಬಟ್ಟೆ ಬಿಚ್ಚಿ ನಿಲ್ಲಿಸಿದಂಥ ನಾಚಿಕೆ. ಧಣಿಯ ಮನೆಯ ಗಂಡಸರ ಹಣೆಯ ಮೇಲಿನ ಅಕ್ಷತೆ ಈಗ ಕಣ್ಣೊಳಗೆ ಬಂತು. ಒಡೆಯದ ಕಾಯಿ ಬಂತು. ತಾನು ನಡುಗುವ ದನಿಯಲ್ಲಿ ಲಾಭ ಎಂದದ್ದು, ಅವರು ಚಪ್ಪಾಳೆ ತಟ್ಟಿದ್ದು, ತಾಯಿ ಅತ್ತದ್ದು, ಅದನ್ನೂ ಫೋಟೋ ತೆಗೆದದ್ದು ಎಲ್ಲ ಬಂತು.

ಎರ್ರಿ ತುಂಬಿದ ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡೇ ನಿಂತಿದ್ದಳು. ಗಂಡನಿಲ್ಲದ ಮನೆ, ಮೂರು ಮಕ್ಕಳು.

"ಅಕ್ಕಿಗೇನು ಗೊತ್ತೈತಿ ಅತ್ತಿ," ಎಂದಳು ಮೆಲ್ಲಗೆ. "ಹೊಟ್ಟಿಗೇನು ಗೊತ್ತೈತಿ. ನಾಯಿ ಮುಟ್ಟಿದ್ದು ಉಂಡಿಲ್ಲೇನು ನಾವು?"

"ಉಂಡೀವಿ," ಎಂದಳು ಹನುಮಮ್ಮ. "ನಕ್ಕೋತ ಉಂಡೀವಿ. ಅವತ್ತು ನಾಯಿ ಮುಟ್ಟಿತ್ತವ್ವ. ಇವತ್ತು ನನ್ನ ಮಗಳು ಮುಟ್ಯಾಳ. ನನ್ನ ಮಗಳು ಮುಟ್ಟಿದ್ದನ್ನ ಮೈಲಿಗಿ ಅಂತ ಕಳಿಸಿದ್ರ ನಾನು ಹೆಂಗ ನುಂಗಲಿ?"

ಎರ್ರಿ ಬಹಳ ಹೊತ್ತು ಬುಟ್ಟಿಯನ್ನೇ ನೋಡಿದಳು. ಆಮೇಲೆ ಟ್ರೇಲರಿನ ಹತ್ತಿರ ಹೋಗಿ ಬುಟ್ಟಿಯನ್ನು ಚೀಲಕ್ಕೆ ಬಗ್ಗಿಸಿದಳು. ಬಗ್ಗಿಸುವಾಗ ಅವಳ ಕಣ್ಣಲ್ಲಿ ನೀರಿತ್ತು. ಅದು ಯಾರಿಗಾಗಿ ಎಂದು ಜ್ಯೋತಿ ಕೇಳಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಸುರಿದರು. ಖಾಲಿ ಪಾತ್ರೆ ಹಿಡಿದು ಮನೆಗೆ ಹೋದರು. ಮಿಲ್ಲಿಗೆ ಹೋಗುವ ಹೊತ್ತಾಗಿತ್ತು, ಅಕ್ಕಿ ಬಿಟ್ಟರೂ ಕೂಲಿ ಬಿಡುವ ಹಾಗಿರಲಿಲ್ಲ.

ಮಾರೇಶ್ ಟ್ರ್ಯಾಕ್ಟರ್ ತಿರುಗಿಸುವ ಮುಂಚೆ ಜ್ಯೋತಿ ಒಂದು ಟವೆಲ್ಲಿನಲ್ಲಿ ಎರಡು ಬೊಗಸೆ ಅಕ್ಕಿ ಕಟ್ಟಿಕೊಂಡಳು.

"ಎಲ್ಲಿಗೆ?" ಎಂದಳು ತಾಯಿ.

"ಬಳ್ಳಾರಿಗೆ. ಸಹಿ ಐತಲ್ಲ."

"ನಾನೂ ಬರತೀನಿ."

ಬ್ರೂಸ್‌ಪೇಟೆಯ ಇಕ್ಕಟ್ಟು ಸಂದಿಯಲ್ಲಿ ಹಮಾಲರು, ಕೈಗಾಡಿ, ಮೆಣಸಿನಕಾಯಿ ಘಾಟು. ಆಫೀಸಿನ ಮೆಟ್ಟಿಲು ಹತ್ತುವಾಗ ಹನುಮಮ್ಮ ಅಲ್ಲಲ್ಲಿ ನಿಂತು ಕೆಮ್ಮಿದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಒಳಗೆ ಉದ್ದ ಟೇಬಲ್ಲು, ಹೂಗುಚ್ಛ, ಮುಂಬೈಯ ಮೇಡಂ, ಮನೆಯ ಗಂಡಸರು. ಅಕೌಂಟ್ಸಿನ ಶೇಖರ್ ಬಾಗಿಲ ಪಕ್ಕ ನೀರಿನ ಬಾಟಲಿ ಹಿಡಿದು ನಿಂತಿದ್ದ. ತೆಕ್ಕಲಕೋಟೆಯ ಕೇರಿಯಿಂದ ಓದಿ ಬಂದವನು.

"ಬಾರಮ್ಮ, ನಿನ್ನ ದಾರೀನ ನೋಡಾಕತ್ತಿದ್ವಿ" ಎಂದರು ಧಣಿ. ಹಿಂದೆ ತಾಯಿಯನ್ನು ಕಂಡು ನಗು ಸ್ವಲ್ಪ ತಡೆಯಿತು.

ಜ್ಯೋತಿ ತನ್ನ ಕುರ್ಚಿ ಎಳೆದು ತಾಯಿಯನ್ನು ಕೂರಿಸಿದಳು. ಡೈರೆಕ್ಟರಿನ ಕುರ್ಚಿ, ಚರ್ಮದ್ದು, ತಿರುಗುವುದು. ಹನುಮಮ್ಮ ತುದಿಯಲ್ಲಿ ಕೂತು ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಜ್ಯೋತಿ ಟವೆಲ್ಲು ಬಿಚ್ಚಿ ಅಕ್ಕಿಯನ್ನು ಟೇಬಲ್ಲಿನ ಮೇಲೆ ಇಟ್ಟಳು.

"ಇದು ನಿನ್ನಿ ನಾನು ಅಳದ ಅಕ್ಕಿರಿ. ಇದನ್ನ ಬೇಸಿ ಮಧ್ಯಾಹ್ನಕ್ಕ ಇಲ್ಲೇ ಉಣ್ಣೋಣು. ನೀವು, ಸಂಗಮೇಶಪ್ಪ, ನಾನು, ನಮ್ಮವ್ವ. ಒಂದೊಂದು ತುತ್ತು ಸಾಕು."

ಷಡ್ಡಕ ಕಿಟಕಿ ಕಡೆ ನೋಡಿದ. ಸಂಗಮೇಶ್ ಈಗ ಬೇಡ ಎಂದು ಕಣ್ಸನ್ನೆ ಮಾಡಿದ. ಧಣಿ ಕನ್ನಡಕ ತೆಗೆದು ಒರೆಸಿದರು. ಅವರು ಕೂಗಾಡುವ ಮನುಷ್ಯರಲ್ಲ.

"ನೋಡಮ್ಮ ಜ್ಯೋತಿಲಕ್ಷ್ಮಿ, ನಾ ಅಂಥಾವ ಅಲ್ಲ. ನಿನಗ ಗೊತ್ತೈತಿ. ಮನ್ಯಾಗ ನಮ್ಮವ್ವ ಅದಾಳ, ಹಳೇ ಕಾಲದಾಕಿ. ಆಕಿ ಇರೋತನ ಆಕಿ ಮಾತು ನಡೀತೈತಿ. ನಿನಗೇನು ಕಮ್ಮಿ ಮಾಡೀವಿ? ಕುರ್ಚಿ ಕೊಟ್ವಿ. ಎಲ್ಲರ ಮುಂದ ನಿನ್ನ ಬಾಯಿಲೇ ಲಾಭ ಅನಿಸಿದ್ವಿ. ಇನ್ನೇನು ಬೇಕು?"

"ಆ ಲಾಭ ಉಣ್ರಿ" ಎಂದಳು ಜ್ಯೋತಿ. "ದೊಡ್ಡವ್ವ ಇಲ್ಲಿಲ್ಲ. ನೀವು ಉಣ್ರಿ."

ಧಣಿಯ ಕೈ ಟೇಬಲ್ಲಿನ ಮೇಲಿತ್ತು, ಅಕ್ಕಿಯಿಂದ ಒಂದು ಗೇಣು ದೂರ. ಆ ಕೈ ಮುಂದೆ ಬರಲಿಲ್ಲ. ಮೆಲ್ಲಗೆ ಹಿಂದೆ ಸರಿದು ತೊಡೆಯ ಮೇಲೆ ಹೋಗಿ ಕೂತಿತು.

ಏನಾಯಿತು ಎಂದು ಮೇಡಂ ಕೇಳಿದಳು. ಜ್ಯೋತಿ ಹಿಂದಿಯಲ್ಲಿ ಎಲ್ಲ ಹೇಳಿದಳು. ಎರಡು ರಾಶಿ, ನಾಯಿ, ಟ್ರ್ಯಾಕ್ಟರ್. ಮೇಡಂ ಮನಸ್ಸಿಟ್ಟು ಕೇಳಿದಳು. ಅವಳ ಕಣ್ಣು ಒದ್ದೆಯಾದದ್ದೂ ನಿಜ. ಬಹಳ ನೋವಾಯಿತು, ಇದು ಕಂಪನಿಯ ಒಳಗಿನ ವಿಷಯ, ನೀವು ನೀವೇ ಕೂತು ಸರಿ ಮಾಡಿಕೊಳ್ಳಿ ಎಂದಳು. ಆಮೇಲೆ ಸಂಗಮೇಶನ ಕಡೆ ಬಾಗಿ, ತಗ್ಗಿದ ದನಿಯಲ್ಲಿ, ಹಿಂದಿಯಲ್ಲೇ ಕೇಳಿದಳು. ಒಂದು ವೇಳೆ ಇವರು ಬಿಟ್ಟುಹೋದರೆ, ಆ ಜಾಗಕ್ಕೆ ಇದೇ ಥರದ ಇನ್ನೊಬ್ಬರು ಸಿಗುತ್ತಾರೆಯೇ?

"ಇದ್ದಾನೆ," ಎಂದ ಸಂಗಮೇಶ್. "ನಮ್ಮ ಶೇಖರ್."

ಬಾಗಿಲಲ್ಲಿದ್ದ ಶೇಖರ್ ತಲೆ ತಗ್ಗಿಸಿದ. ಆಗುವುದಿಲ್ಲ ಎನ್ನಲಿಲ್ಲ. ಅವನಿಗೂ ಮನೆಯಿದೆ, ಮನೆಯಲ್ಲಿ ಕಣ ತುಳಿದ ಕಾಲುಗಳಿವೆ. ಜ್ಯೋತಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅಳು ಬಂತು.

ಸಿರುಗುಪ್ಪದ ಸಂತೆಯಲ್ಲಿ ಉರ್ದು ಕೇಳುತ್ತಲೇ ಮುದುಕಿಯಾದವಳು ಹನುಮಮ್ಮ. ಇದೇ ಥರದ ಇನ್ನೊಬ್ಬರು ಎಂದದ್ದು ಅವಳಿಗೆ ತಿಳಿಯಿತು. ಅವಳು ಕುರ್ಚಿಯಿಂದ ಎದ್ದಳು. ಬಗ್ಗಿ, ಟೇಬಲ್ಲಿನ ಮೇಲಿನ ಅಕ್ಕಿಯನ್ನು ಬೊಗಸೆಯಿಂದ ಟವೆಲ್ಲಿಗೆ ಬಳಿದಳು. ಚೆದುರಿದ ಕಾಳನ್ನು ಒಂದೊಂದಾಗಿ ಆರಿಸಿದಳು. ಹೂಗುಚ್ಛದ ಕೆಳಗಿದ್ದದ್ದನ್ನೂ ಬಿಡಲಿಲ್ಲ. ಸಹಿಯ ಕಾಗದಗಳ ಮೇಲೆ ಬಿದ್ದಿದ್ದ ಕಾಳನ್ನು ಎತ್ತುವಾಗ ಎಲ್ಲರೂ ಕೈ ಎತ್ತಿ ಹಿಂದೆ ಸರಿದು ಕೂತರು.

"ಧಣೇರ," ಎಂದಳು. "ನನ್ನ ಕಾಲಿನ ಭತ್ತ ಉಂಡೀರಿ. ಇಷ್ಟು ವರ್ಷ ಉಂಡೀರಿ. ನನ್ನ 'ಥರದಾಕಿ' ಕೈ ಮುಟ್ಟಿದ್ದು ಮಾತ್ರ ನಿಮಗ ನುಂಗಾಕ ಬರಲಿಲ್ಲ. ನಡಿಯವ್ವ ಜ್ಯೋತಿ."

ಜ್ಯೋತಿ ಕೊರಳಲ್ಲಿದ್ದ ಕಂಪನಿಯ ಗುರುತಿನ ಕಾರ್ಡನ್ನು ತೆಗೆದು, ಅಕ್ಕಿ ಇದ್ದ ಜಾಗದಲ್ಲಿಟ್ಟಳು. ಅವರು ಮೆಟ್ಟಿಲು ಇಳಿಯುವಷ್ಟರಲ್ಲಿ ಮೇಲೆ ಚಪ್ಪಾಳೆ ಕೇಳಿಸಿತು. ಸಹಿ ಆಗಿತ್ತು.

ತಾಯಿ ಮಗಳು ಸಿರುಗುಪ್ಪದ ಬಸ್ಸು ಹತ್ತಿದರು. ಮಿಲ್ಲಿನ ಹತ್ತಿರ ಬಂದಾಗ ಹನುಮಮ್ಮ ಇಳಿಯಬೇಕು ಎಂದಳು. ಕಣದಲ್ಲಿ ಬೇಯಿಸಿದ ಭತ್ತ ಹಬೆಯಾಡುತ್ತಿತ್ತು. ಎರ್ರಿ ಮತ್ತು ಕೇರಿಯ ಹೆಂಗಸರು ಸಾಲಾಗಿ ಕಾಲು ಎಳೆಯುತ್ತಿದ್ದರು. ಬೆಳಗ್ಗೆ ವಾಪಸ್ ಬಂದ ಚೀಲಗಳು ಗೋಡೆಗೆ ಒರಗಿ ಕೂತಿದ್ದವು. ಹನುಮಮ್ಮ ಕಣದ ಅಂಚಿಗೆ ಬಂದು ನಿಂತಳು.

"ಕೈ ಮುಟ್ಟಬಾರದು ಅಂದ್ರ ಕಾಲೂ ಮುಟ್ಟಬಾರದ್ರವ್ವ," ಎಂದಳು. "ಕಾಲು ತಗೀರಿ."

ದನಿ ದೊಡ್ಡದಿರಲಿಲ್ಲ. ಕೆಮ್ಮಿನ ನಡುವೆ ಬಂದ ದನಿ. ಹೆಂಗಸರು ನಿಂತರು. ಒಬ್ಬಳು ಹೊರಗೆ ಕಾಲಿಟ್ಟಳು. ಮತ್ತೊಬ್ಬಳು. ಮೇಸ್ತ್ರಿ ಜಂಬಣ್ಣ ಓಡಿಬಂದು, "ಏ, ಭತ್ತ ಹುಳೀತೈತಿ, ನನ್ನ ಅನ್ನಕ್ಕ ಕಲ್ಲು ಹಾಕಬ್ಯಾಡ್ರಿ" ಎಂದ. ಬೈದ, ಆಮೇಲೆ ಬೇಡಿಕೊಂಡ. ಎರ್ರಿ ಕೊನೆಯವಳು. ಕಣದ ನಡುವೆ ಒಬ್ಬಳೇ ನಿಂತು, ತನ್ನ ಕಾಲನ್ನು ನೋಡಿಕೊಂಡಳು. ಮೂರು ಮಕ್ಕಳನ್ನು ನೆನೆದಳೋ ಏನೋ. ಆಮೇಲೆ ಅವಳೂ ಬಂದು ಬೇವಿನ ಮರದ ಕೆಳಗೆ ಕೂತಳು.

ನಾಳೆ ಹೊಳೆಯಾಚೆಯಿಂದ ಬೇರೆ ಹೆಂಗಸರನ್ನು ಲಾರಿಯಲ್ಲಿ ತರುತ್ತಾರೆಂದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಎರ್ರಿಯ ಒಲೆ ಎಷ್ಟು ದಿನ ತಣ್ಣಗಿರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಇವತ್ತಿನ ಮಟ್ಟಿಗೆ ಯಾರೂ ಏಳಲಿಲ್ಲ.

ಹನುಮಮ್ಮ ಕಾಲು ಚಾಚಿ ಕೂತಿದ್ದಳು. ಟವೆಲ್ಲಿನ ಗಂಟು ಮಡಿಲಲ್ಲಿತ್ತು. ಜ್ಯೋತಿ ತಾಯಿಯ ಅಂಗಾಲನ್ನು ತೊಡೆಯ ಮೇಲೆ ಎತ್ತಿಕೊಂಡಳು. ಸೂಜಿ ಇರಲಿಲ್ಲ. ಉಗುರಿನಿಂದ ಬಿರುಕಿನ ಸುಂಕು ಕೀಳಲು ನೋಡಿದಳು.

"ಈ ಅಕ್ಕಿ ಏನು ಮಾಡ್ತೀಬೇ?" ಎಂದು ಕೇಳಿದಳು.

"ಮನಿಗೆ ಹೋಗಿ ಬೇಸತೀನಿ. ಇದು ಅವರು ಕೊಟ್ಟಿದ್ದಲ್ಲ. ಅವರ ಮುಂದಿಂದ ಎತ್ತಿಕೊಂಡು ಬಂದಿದ್ದು. ನನ್ನ ಮಗಳು ಅಳದಿದ್ದು." ಕಣದ ಕಡೆ ತಿರುಗಿದಳು. ತಿರುವುವವರಿಲ್ಲದೆ ಭತ್ತದ ಹಬೆ ಭಾರವಾಗಿ ಏಳುತ್ತಿತ್ತು, ಹುಳಿ ವಾಸನೆ ಶುರುವಾಗಿತ್ತು. "ಅಕ್ಕಿ ವಾಪಸ್ ತಂದೆ ಜ್ಯೋತಿ. ಆದ್ರ ನಿನ್ನಿ ಇಲ್ಲೇ ನಿಂತು ಅತ್ತೆನಲ್ಲ, ಜನ್ಮಕ್ಕ ಒಂದ ಸಲ ಖುಷೀಲೇ ಅತ್ತಿದ್ದೆ. ಆ ಅಳು ನನಗ ವಾಪಸ್ ಕೊಡ್ರಿ ಅಂತ ಯಾರನ್ನ ಕೇಳಲಿ?"

ಜ್ಯೋತಿ ತಾಯಿಯ ಕಾಲು ಹಿಡಿದುಕೊಂಡು ಕೂತೇ ಇದ್ದಳು.